ಬಯೋಸ್ ಹೇಳಿದ್ದೆಲ್ಲ ನಿಜವಲ್ಲ: ಓವರ್‌ಕ್ಲಾಕ್ ಮಾಡುವಾಗ ಬೋರ್ಡಿನ ಬಗ್ ಹಿಡಿಯುವುದು ಹೇಗೆ

ಓವರ್‌ಕ್ಲಾಕ್ ಮಾಡಿದ, ಅಂದರೆ ನಿಗದಿತ ವೇಗಕ್ಕಿಂತ ಮೇಲೆ ಓಡಿಸುವ ಕಂಪ್ಯೂಟರ್ ಹ್ಯಾಂಗ್ ಆದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ. ಇನ್ನೊಂದು ಚೂರು ವೋಲ್ಟೇಜ್ ಏರಿಸುವುದು. ಅದಕ್ಕೂ ಮೊದಲು ಮದರ್‌ಬೋರ್ಡಿನ ಮೇಲೆ ಅನುಮಾನ ಪಡಿ ಅನ್ನೋದು ನನ್ನ ಮಾತು. ಬಯೋಸ್ ಎಂದರೆ ಬೋರ್ಡನ್ನು ಶುರು ಮಾಡಿ ನಡೆಸುವ, ಅದರೊಳಗೇ ಕೂತಿರುವ ತಂತ್ರಾಂಶ, ಅಂದರೆ ಫರ್ಮ್‌ವೇರ್. ಅದರ ಪರದೆಯಲ್ಲಿ ನೀವು 1.25 ವೋಲ್ಟ್ ಎಂದು ತುಂಬಿದ್ದು ಬರೀ ಅರ್ಜಿ. ಅದು ಮಂಜೂರಾಯಿತಾ, ಎಷ್ಟು ಮಂಜೂರಾಯಿತು ಅನ್ನೋದನ್ನು ಹೊರಗಿನಿಂದ ಅಳೆದೇ ತಿಳಿಯಬೇಕು. ವೇಗ ಜಾಸ್ತಿಯಾದರೂ ಹ್ಯಾಂಗ್ ಆಗುತ್ತದೆ, ಫರ್ಮ್‌ವೇರ್‌ನಲ್ಲಿ ಬಗ್ ಇದ್ದರೂ ಹ್ಯಾಂಗ್ ಆಗುತ್ತದೆ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಅವೆರಡನ್ನೂ ಬೇರ್ಪಡಿಸಿ ನೋಡುವ ದಾರಿ ಇಲ್ಲಿದೆ.

ಮೊದಲು ಮುಟ್ಟದೆ ಅಳೆಯಿರಿ

ಬಯೋಸ್‌ನಲ್ಲಿ ಡೀಫಾಲ್ಟ್ ಲೋಡ್ ಮಾಡಿ ಶುರು ಮಾಡಿ. ವಿಂಡೋಸ್ ಇದ್ದರೆ ಎಚ್‌ಡಬ್ಲ್ಯೂಇನ್‌ಫೋ (HWiNFO) ಎಂಬ, ಅಳತೆಗಳನ್ನು ತೋರಿಸುವ ಸಾಫ್ಟ್‌ವೇರ್ ತೆರೆಯಿರಿ. ಸುಮ್ನೆ ಕೂತಾಗ ಮತ್ತು ಪೂರ್ತಿ ಲೋಡ್‌ನಲ್ಲಿ ಕೋರ್ ವೋಲ್ಟೇಜ್, ವೇಗ, ವ್ಯಾಟ್, ಬಿಸಿ ಎಷ್ಟೆಷ್ಟು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಬಯೋಸ್ ಆವೃತ್ತಿಯನ್ನೂ ಬರೆಯಿರಿ, ಬೋರ್ಡಿನ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ರಿವಿಷನ್ ಸಂಖ್ಯೆಯನ್ನೂ ಬರೆಯಿರಿ. ಈ ಹಾಳೆ ಇಲ್ಲದೆ ಮುಂದಿನ ಯಾವ ಹೆಜ್ಜೆಯೂ ನೆಟ್ಟಗೆ ಆಗುವುದಿಲ್ಲ.

ಡೀಫಾಲ್ಟ್ ಎಂದ ಮಾತ್ರಕ್ಕೆ ಪ್ರೊಸೆಸರ್ ತಯಾರಕರು ಹೇಳಿದ ಮಿತಿಯಲ್ಲೇ ಇದೆ ಅಂದುಕೊಳ್ಳಬೇಡಿ. ಇಂಟೆಲ್‌ನ 13900ಕೆ ಪ್ರೊಸೆಸರ್‌ಗೆ ಗರಿಷ್ಠ ಟರ್ಬೊ ಮಿತಿ 253 ವ್ಯಾಟ್. ಆದರೆ ಎಷ್ಟೋ ಬೋರ್ಡ್‌ಗಳ ಬಯೋಸ್ ಅದೇ ಜಾಗದಲ್ಲಿ 4095 ವ್ಯಾಟ್ ಎಂದು ತಾನೇ ಬರೆದುಕೊಳ್ಳುತ್ತಿತ್ತು. ಮಿತಿಯೇ ಇಲ್ಲ ಅಂತ ಅರ್ಥ. ನೀವು ಏನೂ ಮಾಡದೆಯೇ ನಿಮ್ಮ ಕಂಪ್ಯೂಟರ್ ಓವರ್‌ಕ್ಲಾಕ್ ಆಗಿ ಕೂತಿರುತ್ತದೆ.

13 ಮತ್ತು 14ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳ ಕಥೆ ಇಲ್ಲಿ ನೆನಪಿಡಬೇಕು. ಗೇಮ್ ಶುರುವಾಗುವಾಗ ವಿಡಿಯೊ ಮೆಮೊರಿ ಸಾಲದು ಎಂಬ ಸಂದೇಶ ಬಂದು ಮುಚ್ಚಿಹೋಗುತ್ತಿತ್ತು. ಜನ ಗ್ರಾಫಿಕ್ಸ್ ಕಾರ್ಡನ್ನು ಬೈದರು, ಡ್ರೈವರ್ ಬದಲಿಸಿದರು. ತೊಂದರೆ ಇದ್ದದ್ದು ಪ್ರೊಸೆಸರ್‌ನಲ್ಲಿ. ಗೇಮ್‌ನ ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂಗಳಾದ ಶೇಡರ್‌ಗಳನ್ನು ಬಿಚ್ಚುವಾಗ ಅದು ತಪ್ಪು ಲೆಕ್ಕ ಮಾಡುತ್ತಿತ್ತು. ಕೆಲವು ಸಂದರ್ಭಗಳಲ್ಲಿ ಮೈಕ್ರೋಕೋಡ್ (ಬಯೋಸ್ ಅಪ್‌ಡೇಟ್ ಜೊತೆಗೆ ಬರುವ, ಪ್ರೊಸೆಸರ್ ಒಳಗಿನ ಸೂಚನೆಗಳು) ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿತ್ತು, ಬೋರ್ಡ್‌ಗಳ ಸಡಿಲ ಮಿತಿಗಳೂ ಅದಕ್ಕೆ ಜೊತೆಯಾದವು. 2024ರ ಆಗಸ್ಟ್‌ನಲ್ಲಿ 0ಎಕ್ಸ್129 ಎಂಬ ಮೈಕ್ರೋಕೋಡ್ ಬಂತು. ಪ್ರೊಸೆಸರ್ 1.55 ವೋಲ್ಟ್‌ಗಿಂತ ಮೇಲೆ ಕೇಳದಂತೆ ಅದು ತಡೆಯಿತು. ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಬಂತು. ಆಗಲೇ ಹಾಳಾದ ಚಿಪ್ಪನ್ನು ಇವು ಸರಿ ಮಾಡಲಾರವು, ಮುಂದೆ ಹಾಳಾಗದಂತೆ ನೋಡಿಕೊಳ್ಳಬಲ್ಲವು ಅಷ್ಟೇ. ಈ ತಲೆಮಾರಿನ ಪ್ರೊಸೆಸರ್ ನಿಮ್ಮದಾಗಿದ್ದರೆ ಓವರ್‌ಕ್ಲಾಕ್ ಆಸೆಯನ್ನು ಪಕ್ಕಕ್ಕಿಟ್ಟು ಮೊದಲು ಬಯೋಸ್ ಅಪ್‌ಡೇಟ್ ಮಾಡಿ.

ವೇಗ, ವೋಲ್ಟೇಜ್, ಬಿಸಿ

ಪ್ರೊಸೆಸರ್ ವೇಗ ಎಂದರೆ ಬೇಸ್ ಕ್ಲಾಕ್ ಮತ್ತು ಮಲ್ಟಿಪ್ಲೈಯರ್‌ನ ಗುಣಲಬ್ಧ. 100 ಮೆಗಾಹರ್ಟ್ಜ್ ಬೇಸ್ ಕ್ಲಾಕಿಗೆ 50ರ ಮಲ್ಟಿಪ್ಲೈಯರ್ ಹಾಕಿದರೆ 5 ಗಿಗಾಹರ್ಟ್ಜ್. 1998ರ ಸೆಲೆರಾನ್ 300ಎ ಕಾಲದಲ್ಲಿ ಮಲ್ಟಿಪ್ಲೈಯರ್ 4.5ಕ್ಕೆ ಬೀಗ ಹಾಕಿರುತ್ತಿತ್ತು. ಜನ ಬಸ್ ವೇಗವನ್ನು (ಆಗಿನ ಬೇಸ್ ಕ್ಲಾಕ್) 66ರಿಂದ 100ಕ್ಕೆ ಏರಿಸಿ 300 ಮೆಗಾಹರ್ಟ್ಜ್ ಚಿಪ್ಪನ್ನು 450ಕ್ಕೆ ಓಡಿಸಿದರು. ಒಂದೂವರೆ ಪಟ್ಟು! ಅಂಥ ಲಾಭ ಇವತ್ತು ಸಿಗುವುದಿಲ್ಲ. ಈಗಿನ ಚಿಪ್‌ಗಳು ಕಾರ್ಖಾನೆಯಿಂದಲೇ ತುದಿಗೆ ಬಂದು ನಿಂತಿರುತ್ತವೆ. ಬೇಸ್ ಕ್ಲಾಕನ್ನು ಮುಟ್ಟಲೇಬೇಡಿ, ಅದರ ಹಿಂದೆ ಬೇರೆ ಭಾಗಗಳೂ ಅಲುಗಾಡುತ್ತವೆ. ಮಲ್ಟಿಪ್ಲೈಯರ್ ಸಾಕು. ಇಂಟೆಲ್‌ನಲ್ಲಿ ಅದಕ್ಕೆ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್ ಮತ್ತು ಜೆಡ್ ಸರಣಿಯ ಚಿಪ್‌ಸೆಟ್ ಬೇಕು. ಎಎಂಡಿಯಲ್ಲಿ ಬಿ ಸರಣಿಯ ಬೋರ್ಡಿನಲ್ಲೂ ಆಗುತ್ತದೆ.

ಒಂದು ಲೆಕ್ಕ ನೋಡಿ. ಚಿಪ್ ತಿನ್ನುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್‌ನ ಜೊತೆ ವರ್ಗದಲ್ಲಿ ಏರುತ್ತದೆ. 4.7 ಗಿಗಾಹರ್ಟ್ಜ್ 1.20 ವೋಲ್ಟ್‌ನಲ್ಲಿ ನಡೆಯುತ್ತಿದ್ದದ್ದು 5.0ಕ್ಕೆ ಹೋಗಲು 1.30 ಕೇಳಿತು ಅಂದುಕೊಳ್ಳಿ. ವೇಗ ಸಿಕ್ಕಿದ್ದು ಶೇಕಡ 6ರಷ್ಟು. ವಿದ್ಯುತ್ತು ಏರಿದ್ದು ಹತ್ತಿರ ಹತ್ತಿರ ಶೇಕಡ 25. ಅದೆಲ್ಲ ಬಿಸಿಯಾಗಿ ಕೂಲರ್ ತಲೆ ಮೇಲೆ ಬೀಳುತ್ತದೆ. ಅದಕ್ಕೇ ನಾನು ಈಚೆಗೆ ವೇಗ ಏರಿಸುವುದಕ್ಕಿಂತ ವೋಲ್ಟೇಜ್ ಇಳಿಸುವುದರ ಕಡೆ ಜಾಸ್ತಿ ಗಮನ ಕೊಡುತ್ತೇನೆ. ಬಿಸಿ ಕಡಿಮೆಯಾದರೆ ಚಿಪ್ ತಾನಾಗಿಯೇ ಬೂಸ್ಟ್ ಆಗುತ್ತದೆ.

ಏರಿಸುವ ಕ್ರಮ ಸರಳ. ಮಲ್ಟಿಪ್ಲೈಯರ್ ಒಂದು ಹೆಜ್ಜೆ ಏರಿಸಿ, ಟೆಸ್ಟ್ ಮಾಡಿ. ನಿಂತಿತಾ, ಇನ್ನೊಂದು ಹೆಜ್ಜೆ. ಬಿದ್ದಿತಾ, 10 ಅಥವಾ 20 ಮಿಲಿವೋಲ್ಟ್ ಸೇರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರೊಸೆಸರ್ ಮತ್ತು ರ‍್ಯಾಮ್ ಎರಡನ್ನೂ ಒಟ್ಟಿಗೆ ಏರಿಸಿದರೆ ಬಿದ್ದಾಗ ಯಾರನ್ನು ಹಿಡಿಯುತ್ತೀರಿ?

ವೋಲ್ಟೇಜ್ ವಿಷಯಕ್ಕೆ ಬಂದರೆ ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂಬ ಸೆಟ್ಟಿಂಗ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಪ್ರೊಸೆಸರ್ ಮೇಲೆ ಲೋಡ್ ಬಿದ್ದಾಗ ವೋಲ್ಟೇಜ್ ಜಗ್ಗುತ್ತದೆ. ಬಯೋಸ್‌ನಲ್ಲಿ 1.30 ಇಟ್ಟರೂ ಲೋಡ್‌ನಲ್ಲಿ 1.22 ಕಾಣಬಹುದು. ಇದು ದೋಷವಲ್ಲ, ಬೇಕೆಂದೇ ಹೀಗೆ ಮಾಡಿದ್ದಾರೆ. ಲೋಡ್ ಥಟ್ಟನೆ ಹೋದಾಗ ವೋಲ್ಟೇಜ್ ಒಂದು ಕ್ಷಣ ಮೇಲಕ್ಕೆ ಚಿಮ್ಮುತ್ತದೆ, ಜಗ್ಗಿದ್ದರೆ ಆ ಚಿಮ್ಮುವಿಕೆಗೆ ಜಾಗ ಇರುತ್ತದೆ. ಲೋಡ್‌ಲೈನನ್ನು ತೀರಾ ಬಿಗಿ ಮಾಡಿದರೆ ಜಗ್ಗುವುದು ನಿಲ್ಲುತ್ತದೆ, ಚಿಮ್ಮುವುದು ಜಾಸ್ತಿಯಾಗುತ್ತದೆ. ಆ ಚಿಮ್ಮು ಸೆಕೆಂಡಿಗೊಮ್ಮೆ ಓದುವ ಸಾಫ್ಟ್‌ವೇರ್‌ಗೆ ಕಾಣುವುದೇ ಇಲ್ಲ. ಮಧ್ಯದ ಹಂತದಲ್ಲಿಡಿ. ಆದರೆ ಯಾವುದು ಮಧ್ಯ, ಯಾವುದು ಬಿಗಿ? ಕೆಲವು ಬೋರ್ಡ್‌ಗಳಲ್ಲಿ 1 ಎಂದರೆ ಅತಿ ಬಿಗಿ, ಕೆಲವದರಲ್ಲಿ 8 ಎಂದರೆ ಅತಿ ಬಿಗಿ. ಬೇರೆ ಬೋರ್ಡಿನವರು ಕೊಟ್ಟ ಸಂಖ್ಯೆಯನ್ನು ಕಣ್ಣುಮುಚ್ಚಿ ಹಾಕಿದರೆ ಪೂರ್ತಿ ಉಲ್ಟಾ ಆಗುತ್ತದೆ.

ಓದುವ ಅಂಕಿಯೂ ಬೇರೆ ಬೇರೆ ಕಡೆಯಿಂದ ಬರುತ್ತದೆ. ಎಚ್‌ಡಬ್ಲ್ಯೂಇನ್‌ಫೋದಲ್ಲಿ ವಿಕೋರ್ ಎಂಬ ಹೆಸರಿನ ಸಾಲು ಸಾಮಾನ್ಯವಾಗಿ ಬೋರ್ಡಿನ ಸೂಪರ್ ಐಒ ಚಿಪ್ ಓದಿದ್ದು. ವಿಆರ್ ವಿಔಟ್ ಎಂಬ ಸಾಲು ಇದ್ದರೆ ಅದು ವೋಲ್ಟೇಜ್ ನಿಯಂತ್ರಿಸುವ ಚಿಪ್ಪಿನಿಂದಲೇ ಬಂದದ್ದು. ಅದನ್ನು ಹೆಚ್ಚು ನಂಬಬಹುದು. ವಿಐಡಿ ಎಂಬುದು ಪ್ರೊಸೆಸರ್ ಕೇಳಿದ್ದು, ಸಿಕ್ಕಿದ್ದಲ್ಲ. ಎಷ್ಟೋ ಜನ ವಿಐಡಿ ನೋಡಿ ಗಾಬರಿಯಾಗುತ್ತಾರೆ.

ರ‍್ಯಾಮ್ ಬಗ್ಗೆ

ರ‍್ಯಾಮ್ ಪೆಟ್ಟಿಗೆಯ ಮೇಲೆ 6000 ಅಂತ ಇರುತ್ತದೆ. ಈಗಿನ ರ‍್ಯಾಮ್ ಬಗೆಯಾದ ಡಿಡಿಆರ್5ನ ಮೂಲ ಮಾನದಂಡದ ವೇಗ 4800ರಿಂದ ಶುರು. ಮೇಲಿನ ವೇಗ ಸಿಗಬೇಕಾದರೆ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ, ರ‍್ಯಾಮ್ ತಯಾರಕರು ಮೊದಲೇ ತುಂಬಿಟ್ಟ ಸೆಟ್ಟಿಂಗ್‌ಗಳ ಗುಂಪನ್ನು ಬಯೋಸ್‌ನಲ್ಲಿ ಆನ್ ಮಾಡಬೇಕು. ಅದೂ ಓವರ್‌ಕ್ಲಾಕೇ. ಇಂಟೆಲ್ ಮತ್ತು ಎಎಂಡಿ ಎರಡೂ ಹಾಗೆಂದೇ ಹೇಳುತ್ತವೆ.

ಈ ಒಂದು ಸ್ವಿಚ್ ಹಾಕಿದರೆ ಬಯೋಸ್ ನಿಮ್ಮನ್ನು ಕೇಳದೆ ಬೇರೆ ಏನೇನನ್ನೋ ಬದಲಿಸುತ್ತದೆ, ನನಗೆ ಕೋಪ ಬರುವುದು ಇಲ್ಲೇ. 2023ರ ಏಪ್ರಿಲ್‌ನಲ್ಲಿ ರೈಜನ್ 7000ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟು ಉಬ್ಬಿದ ಚಿತ್ರಗಳು ಹರಿದಾಡಿದವು. ಎಕ್ಸ್‌ಪೋ ಆನ್ ಮಾಡಿದಾಗ ಬೋರ್ಡ್‌ಗಳು ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರ್‌ನಲ್ಲಿ ಮೆಮೊರಿ ನಿಯಂತ್ರಿಸುವ ಭಾಗಕ್ಕೆ ಹೋಗುವ ವೋಲ್ಟೇಜ್) ಮಿತಿ ಮೀರಿ ಏರಿಸುತ್ತಿದ್ದವು. ಆಮೇಲೆ ಎಎಂಡಿ ಹೊಸ ಫರ್ಮ್‌ವೇರ್ ಕೊಟ್ಟು ಅದನ್ನು 1.3 ವೋಲ್ಟ್‌ಗೆ ಕಟ್ಟಿಹಾಕಿತು. ಹಾಗಾಗಿ ಎಕ್ಸ್‌ಪೋ ಹಾಕಿದ ಮೇಲೆ ಎಸ್‌ಒಸಿ ವೋಲ್ಟೇಜ್ ನೋಡಿ. 1.3 ದಾಟಿದ್ದರೆ ಬಯೋಸ್ ಹಳೆಯದು. 1.2 ಅಥವಾ 1.25ರಲ್ಲಿ 6000 ನಡೆಯುವುದಾದರೆ ಕೈಯಿಂದಲೇ ಅಷ್ಟಕ್ಕೆ ಇಳಿಸಿ.

ಇನ್ನೊಂದು ಮಾತು. ಡಿಡಿಆರ್5 ಇರುವ ಎಎಂಡಿ ಬೋರ್ಡ್ ಮೊದಲ ಸಲ ಶುರುವಾಗುವಾಗ, ಅಥವಾ ರ‍್ಯಾಮ್ ಸೆಟ್ಟಿಂಗ್ ಬದಲಿಸಿದಾಗ, ಪರದೆ ಕಪ್ಪಗೆ ಹಲವು ನಿಮಿಷ ನಿಲ್ಲಬಹುದು. ಅದು ಮೆಮೊರಿ ಟ್ರೇನಿಂಗ್, ಬೋರ್ಡ್ ಆಗ ರ‍್ಯಾಮ್‌ಗೆ ಹೊಂದುವ ಸೆಟ್ಟಿಂಗ್ ಹುಡುಕುತ್ತಿರುತ್ತದೆ. ಸತ್ತುಹೋಯಿತು ಅಂತ ಕರೆಂಟ್ ಕೀಳಬೇಡಿ, ಕಾಯಿರಿ.

ಟೆಸ್ಟ್

ಒಂದೇ ಟೆಸ್ಟ್ ಎಲ್ಲವನ್ನೂ ಹಿಡಿಯುವುದಿಲ್ಲ. ರ‍್ಯಾಮ್‌ಗೆ ಮೊದಲು ಮೆಮ್‌ಟೆಸ್ಟ್86+. ಅದರಲ್ಲಿ ಒಂದೇ ಒಂದು ತಪ್ಪು ಬಂದರೂ ಸೆಟ್ಟಿಂಗ್ ಕೆಟ್ಟದು ಎಂದೇ ಲೆಕ್ಕ. ಪ್ರೊಸೆಸರ್‌ಗೆ ಪ್ರೈಮ್95 ಅಥವಾ ವೈ-ಕ್ರಂಚರ್. ಒಂದೊಂದು ಕೋರಿಗೂ ಬೇರೆಯಾಗಿ ವೋಲ್ಟೇಜ್ ಹೊಂದಿಸಬಲ್ಲ ಎಎಂಡಿಯ ಕರ್ವ್ ಆಪ್ಟಿಮೈಜರ್‌ನಲ್ಲಿ ವೋಲ್ಟೇಜ್ ಇಳಿಸಿದವರು ಇಲ್ಲಿ ಮೋಸ ಹೋಗುತ್ತಾರೆ. ಎಲ್ಲ ಕೋರ್‌ಗಳ ಟೆಸ್ಟ್ ರಾತ್ರಿಯೆಲ್ಲ ಪಾಸ್ ಆಗುತ್ತದೆ, ಬೆಳಿಗ್ಗೆ ಬ್ರೌಸರ್ ತೆರೆದರೆ ರೀಸ್ಟಾರ್ಟ್. ಯಾಕೆಂದರೆ ಪೂರ್ತಿ ಲೋಡ್‌ನಲ್ಲಿ ವೇಗ ಕಡಿಮೆ ಇರುತ್ತದೆ. ಒಂದೇ ಕೋರ್ ಗರಿಷ್ಠ ಬೂಸ್ಟ್‌ಗೆ ಹಾರಿದಾಗಲೇ ವೋಲ್ಟೇಜ್ ಸಾಲದೆ ಹೋಗುವುದು. ಒಂದೊಂದೇ ಕೋರನ್ನು ಸರದಿಯಲ್ಲಿ ದಣಿಸುವ ಕೋರ್‌ಸೈಕ್ಲರ್ ಎಂಬ ಸಣ್ಣ ಉಪಕರಣ ಅದಕ್ಕೇ ಇರುವುದು.

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವೀಯಾ-ಲಾಗರ್ (WHEA-Logger) ಹೆಸರಿನ ದಾಖಲೆ ಹುಡುಕಿ. ಅದರ ಈವೆಂಟ್ ಐಡಿ 19 ಎಂದರೆ ತಪ್ಪಾಯಿತು, ಸರಿಪಡಿಸಿಕೊಂಡೆ ಎಂದರ್ಥ. 18 ಎಂದರೆ ಸರಿಪಡಿಸಲಾಗಲಿಲ್ಲ, ಬಿದ್ದೆ. ಆ ದಾಖಲೆಯೊಳಗೆ ಪ್ರೊಸೆಸರ್ ಎಪಿಐಸಿ ಐಡಿ ಅಂತ ಒಂದು ಸಂಖ್ಯೆ ಇರುತ್ತದೆ, ಯಾವ ಕೋರ್ ಎಡವಿತು ಎಂಬ ಸುಳಿವು ಅದರಲ್ಲಿದೆ. ಕೋರಿಗೆ ಎರಡು ಥ್ರೆಡ್ ಇದ್ದರೆ ಸಾಮಾನ್ಯವಾಗಿ 0 ಮತ್ತು 1 ಮೊದಲ ಕೋರು. ಮತ್ತೆ ಮತ್ತೆ ಅದೇ ಕೋರ್ ಬರುತ್ತಿದ್ದರೆ ಅದೊಂದಕ್ಕೆ ಮಾತ್ರ ವೋಲ್ಟೇಜ್ ವಾಪಸ್ ಕೊಡಿ, ಎಲ್ಲದಕ್ಕೂ ಬೇಡ.

ಲಿನಕ್ಸ್ ಈ ವಿಷಯದಲ್ಲಿ ನೇರ ಮಾತಿನದು. ಕರ್ನಲ್ ಲಾಗ್‌ನಲ್ಲಿ ಚೌಕ ಆವರಣದೊಳಗೆ ಫರ್ಮ್‌ವೇರ್ ಬಗ್ ಎಂದೇ ಅಚ್ಚು ಹಾಕುತ್ತದೆ. ಹಾಗಂತ ಪ್ರತಿ ಸಾಲಿಗೂ ಹೆದರಬೇಡಿ. ಎಸಿಪಿಐ ಬಯೋಸ್ ಎರರ್, ಯಾವುದೋ ಚಿಹ್ನೆ ಸಿಗಲಿಲ್ಲ ಎಂಬಂಥ ಸಾಲುಗಳು ಬಹಳ ಬೋರ್ಡ್‌ಗಳಲ್ಲಿ ಇರುತ್ತವೆ, ಹೆಚ್ಚಿನವು ನಿರುಪದ್ರವಿ. ಡೀಫಾಲ್ಟ್‌ನಲ್ಲಿ ತೆಗೆದ ಲಾಗ್ ಮತ್ತು ಓವರ್‌ಕ್ಲಾಕ್ ಆದಮೇಲಿನ ಲಾಗ್ ಎರಡನ್ನೂ ಅಕ್ಕಪಕ್ಕ ಇಟ್ಟು ಹೊಸದಾಗಿ ಏನು ಬಂತು ಅನ್ನೋದನ್ನಷ್ಟೇ ನೋಡಿ. ಮಷೀನ್ ಚೆಕ್ (ಪ್ರೊಸೆಸರ್ ತಾನೇ ವರದಿ ಮಾಡುವ ಹಾರ್ಡ್‌ವೇರ್ ತಪ್ಪು) ಎಂಬ ಪದ ಹೊಸದಾಗಿ ಕಂಡರೆ ಅದು ಗಂಭೀರ.

ಸ್ಲೀಪ್‌ನಿಂದ ಎದ್ದ ಮೇಲೆ ಬೀಳುವ ಕಂಪ್ಯೂಟರ್

ನನ್ನದೊಂದು ಹಳೆಯ ಬೋರ್ಡಿನ ವಿಷಯ ಹೇಳುತ್ತೇನೆ, ಬಗ್ ಹುಡುಕುವ ರೀತಿ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಎಲ್ಲ ಕೋರುಗಳೂ 4.7 ಗಿಗಾಹರ್ಟ್ಜ್, ಆಫ್‌ಸೆಟ್ ವಿಧಾನದಲ್ಲಿ (ಡೀಫಾಲ್ಟ್‌ಗೆ ಇಷ್ಟು ಸೇರಿಸು ಎನ್ನುವ ರೀತಿ) ವೋಲ್ಟೇಜ್, ಲೋಡ್‌ನಲ್ಲಿ 1.26. ಪ್ರೈಮ್95 ಎಷ್ಟು ಹೊತ್ತು ಓಡಿಸಿದರೂ ಅಲುಗಾಡುತ್ತಿರಲಿಲ್ಲ. ಆದರೂ ಕೆಲವು ದಿನ ಸಂಜೆ ಹೊತ್ತು ವಿಡಿಯೊ ಎನ್‌ಕೋಡ್ ಹಾಕಿದ ಕೂಡಲೇ ನೀಲಿ ಪರದೆ. ಕೆಲವು ದಿನ ಏನೂ ಇಲ್ಲ.

ಇಂಥ ಕಡೆ ಕೇಳಬೇಕಾದ ಪ್ರಶ್ನೆ, ಬಿದ್ದ ದಿನಕ್ಕೂ ಬೀಳದ ದಿನಕ್ಕೂ ಏನು ವ್ಯತ್ಯಾಸ? ಬಿದ್ದ ದಿನಗಳಲ್ಲೆಲ್ಲ ಕಂಪ್ಯೂಟರ್ ಮಧ್ಯಾಹ್ನ ಸ್ಲೀಪ್‌ಗೆ ಹೋಗಿ ಬಂದಿತ್ತು. ಹಾಗಾಗಿ ಲೋಡ್ ಕೊಟ್ಟು ವೋಲ್ಟೇಜ್ ಬರೆದುಕೊಂಡೆ, ಸ್ಲೀಪ್ ಮಾಡಿ ಎಬ್ಬಿಸಿದೆ, ಅದೇ ಲೋಡ್ ಮತ್ತೆ ಕೊಟ್ಟೆ. ಮೊದಲು 1.26, ಎದ್ದ ಮೇಲೆ 1.19. ಮಲ್ಟಿಪ್ಲೈಯರ್ ಹಾಗೇ 47. ಬಯೋಸ್ ಒಳಗೆ ಹೋಗಿ ನೋಡಿದರೆ ಆಫ್‌ಸೆಟ್ ಇದ್ದ ಜಾಗದಲ್ಲೇ ಇದೆ. ಅಂದರೆ ಎದ್ದಾಗ ಫರ್ಮ್‌ವೇರ್ ವೇಗವನ್ನು ವಾಪಸ್ ಹಾಕುತ್ತಿತ್ತು, ವೋಲ್ಟೇಜ್ ಆಫ್‌ಸೆಟನ್ನು ಮರೆಯುತ್ತಿತ್ತು. ಇದಕ್ಕೆ ನಾನು 50 ಮಿಲಿವೋಲ್ಟ್ ಸೇರಿಸಿದ್ದರೆ ಎದ್ದ ಮೇಲೆ ಏನೂ ಬದಲಾಗುತ್ತಿರಲಿಲ್ಲ, ಉಳಿದ ಹೊತ್ತು ಸುಮ್ನೆ ಬಿಸಿ ಜಾಸ್ತಿ, ಅಷ್ಟೇ.

ತಾತ್ಕಾಲಿಕ ದಾರಿ ಎರಡಿದ್ದವು. ಒಂದು, ಆಫ್‌ಸೆಟ್ ಬಿಟ್ಟು ಸ್ಥಿರ ವೋಲ್ಟೇಜ್ ಕೊಡುವುದು. ನನ್ನ ಬೋರ್ಡ್ ಅದನ್ನು ನೆನಪಿಟ್ಟುಕೊಳ್ಳುತ್ತಿತ್ತು. ಇನ್ನೊಂದು, ಸ್ಲೀಪ್ ಬದಲು ಹೈಬರ್ನೇಟ್. ಹೈಬರ್ನೇಟ್‌ನಿಂದ ಏಳುವಾಗ ಬೋರ್ಡ್ ಪೂರ್ತಿ ಹೊಸದಾಗಿ ಶುರುವಾಗುತ್ತದೆ, ಎಲ್ಲ ಸೆಟ್ಟಿಂಗ್ ಮತ್ತೆ ಹಾಕಿಕೊಳ್ಳುತ್ತದೆ. ನಾನು ಹೈಬರ್ನೇಟ್ ಆರಿಸಿಕೊಂಡೆ. ಮುಂದೆ ಬಂದ ಒಂದು ಬಯೋಸ್ ಇದನ್ನು ಸರಿ ಮಾಡಿತು. ಅದರ ವಿವರಣೆಯಲ್ಲಿ ಇದ್ದದ್ದು ಇಷ್ಟೇ: ಸಿಸ್ಟಂ ಸ್ಥಿರತೆ ಸುಧಾರಿಸಲಾಗಿದೆ. ಯಾರದ್ದು, ಯಾವಾಗಿನದು, ಏನೂ ಇಲ್ಲ.

ಕೆಲವು ಬಗ್‌ಗಳು ಓವರ್‌ಕ್ಲಾಕಿಗೆ ಸಂಬಂಧವೇ ಇಲ್ಲದೆ ಅದರ ವೇಷ ಹಾಕಿಕೊಂಡು ಬರುತ್ತವೆ. ರೈಜನ್ ಕಂಪ್ಯೂಟರ್‌ಗಳಲ್ಲಿ ಆಗಾಗ ಧ್ವನಿ, ಚಿತ್ರ ಎರಡೂ ತಡವರಿಸುತ್ತಿದ್ದವು. ಬಹಳ ಜನ ರ‍್ಯಾಮ್ ಟೈಮಿಂಗ್ ಸಡಿಲಿಸಿ ನೋಡಿದರು. ಕಾರಣ ಫರ್ಮ್‌ವೇರ್ ಟಿಪಿಎಂ, ಅಂದರೆ ಭದ್ರತೆಯ ಕೀಗಳನ್ನು ಕಾಯುವ ಭಾಗ. ಅದು ಬೋರ್ಡಿನ ಫ್ಲ್ಯಾಶ್ ಚಿಪ್ ಜೊತೆ ಮಾತಾಡುವಾಗ ಉಳಿದೆಲ್ಲ ಕಾಯುತ್ತಿದ್ದವು. 2022ರ ಮಾರ್ಚ್‌ನಲ್ಲಿ ಎಎಂಡಿ ಇದನ್ನು ಒಪ್ಪಿಕೊಂಡು, ಹೊಸ ಬಯೋಸ್‌ನಲ್ಲಿ ಪರಿಹಾರ ಕೊಡುವುದಾಗಿ ಹೇಳಿತು. ಡೀಫಾಲ್ಟ್‌ನಲ್ಲೂ ತಡವರಿಸುತ್ತಾ ಎಂದು ನೋಡಿದ್ದರೆ ರ‍್ಯಾಮ್ ಮೇಲಿನ ಅನುಮಾನ ಅಲ್ಲೇ ಮುಗಿಯುತ್ತಿತ್ತು, ಅಲ್ವಾ?

ಅಪ್‌ಡೇಟ್ ಮಾಡುವಾಗ

ಬಯೋಸ್ ಅಪ್‌ಡೇಟ್‌ಗೆ ಮೊದಲು ಓವರ್‌ಕ್ಲಾಕ್ ತೆಗೆದು ಡೀಫಾಲ್ಟ್‌ಗೆ ಬನ್ನಿ. ಅಲುಗಾಡುವ ರ‍್ಯಾಮ್ ಇಟ್ಟುಕೊಂಡು ಫ್ಲ್ಯಾಶ್ ಚಿಪ್ ಬರೆಯುವುದು ಬೇಡವೇ ಬೇಡ. ಪ್ರತಿ ಪುಟದ ಫೋಟೊ ತೆಗೆದಿಡಿ. ಹಲವು ಬೋರ್ಡ್‌ಗಳಲ್ಲಿ ಎಫ್12 ಒತ್ತಿದರೆ ಪೆನ್‌ಡ್ರೈವ್‌ಗೆ ಚಿತ್ರ ಉಳಿಯುತ್ತದೆ. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಇದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀ ಬೇರೆ ಕಡೆ ಬರೆದಿಡಿ. ಅಪ್‌ಡೇಟ್ ಆದಾಗ ಟಿಪಿಎಂ ಖಾಲಿಯಾದರೆ ಆ ಕೀ ಇಲ್ಲದೆ ನಿಮ್ಮ ಡಿಸ್ಕ್ ನಿಮಗೇ ತೆರೆಯುವುದಿಲ್ಲ. ಫೈಲನ್ನು ಎಫ್‌ಎಟಿ32 ಪೆನ್‌ಡ್ರೈವ್‌ಗೆ ಹಾಕಿ, ಬಯೋಸ್ ಒಳಗಿನ ಉಪಕರಣದಿಂದಲೇ ಬರೆಯಿರಿ. ವಿಂಡೋಸ್ ಒಳಗಿನಿಂದ ಬರೆಯುವ ಸೌಲಭ್ಯ ನನಗೆ ಇಷ್ಟವಿಲ್ಲ. ರಿವಿಷನ್ ಸಂಖ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ, ಒಂದೇ ಹೆಸರಿನ ಎರಡು ರಿವಿಷನ್‌ಗೆ ಬೇರೆ ಬೇರೆ ಫೈಲ್ ಇರಬಹುದು.

ಆದ ಮೇಲೆ ಮತ್ತೊಮ್ಮೆ ಡೀಫಾಲ್ಟ್ ಲೋಡ್ ಮಾಡಿ, ಮೊದಲಿನ ಹಾಳೆಯ ಅಂಕಿಗಳ ಜೊತೆ ಹೋಲಿಸಿ. ಆಟೊ ಎಂಬ ಪದದ ಹಿಂದಿನ ಬೆಲೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಹಳೆಯ ಪ್ರೊಫೈಲ್ ಲೋಡ್ ಮಾಡಬೇಡಿ, ಫೋಟೊ ನೋಡಿ ಕೈಯಿಂದ ತುಂಬಿ. ಇನ್ನು, ಎಲ್ಲ ಚೆನ್ನಾಗಿ ನಡೆಯುತ್ತಿದ್ದು, ಹೊಸ ಆವೃತ್ತಿಯಲ್ಲಿ ಭದ್ರತೆಯ ಅಥವಾ ಚಿಪ್ ಹಾಳಾಗುವಂಥ ದೋಷದ ಪರಿಹಾರ ಇಲ್ಲದಿದ್ದರೆ, ನಾನಂತೂ ಅಪ್‌ಡೇಟ್ ಮಾಡುವುದಿಲ್ಲ. ಕೆಲವು ಅಪ್‌ಡೇಟ್‌ಗಳಿಂದ ಹಿಂದಕ್ಕೆ ಬರಲು ಬಿಡುವುದೂ ಇಲ್ಲ.

ಕಂಪ್ಯೂಟರ್ ಶುರುವೇ ಆಗದಿದ್ದರೆ ಕ್ಲಿಯರ್ ಸಿಮಾಸ್, ಅಂದರೆ ಬಯೋಸ್ ಸೆಟ್ಟಿಂಗ್ ಅಳಿಸುವುದು. ಪವರ್ ಸಪ್ಲೈ ಸ್ವಿಚ್ ಆಫ್ ಮಾಡಿ, ಕೇಬಲ್ ತೆಗೆದು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ಕರೆಂಟ್ ಹರಿಸಿ. ಆಮೇಲೆ ಅದಕ್ಕೆಂದೇ ಬೋರ್ಡಿನಲ್ಲಿರುವ ಜಂಪರ್‌ನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಸುಮಾರು 10 ಸೆಕೆಂಡ್ ಮುಟ್ಟಿಸಿ. ಜಂಪರ್ ಸಿಗದಿದ್ದರೆ ಸಿಆರ್2032 ಬ್ಯಾಟರಿ ತೆಗೆದು ಕೆಲವು ನಿಮಿಷ ಬಿಡಿ. ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಆದರೆ ಕೆಟ್ಟ ಬಯೋಸನ್ನೂ ಪ್ರೊಸೆಸರ್ ನೆರವಿಲ್ಲದೆ ಮತ್ತೆ ಬರೆಯಬಹುದು. ಫೈಲಿನ ಹೆಸರು ಕೈಪಿಡಿಯಲ್ಲಿ ಹೇಳಿದ ಹಾಗೇ ಇರಬೇಕು, ಒಂದು ಅಕ್ಷರ ತಪ್ಪಿದರೂ ಬಟನ್ ಒತ್ತಿದ್ದು ವ್ಯರ್ಥ.

ಬಗ್ ಸಿಕ್ಕಿದರೆ ಬೋರ್ಡ್ ತಯಾರಕರಿಗೆ ಬರೆಯಿರಿ. ಓವರ್‌ಕ್ಲಾಕ್ ಎಂಬ ಪದ ಕಂಡರೆ ಅವರು ಮುಂದೆ ಓದುವುದೇ ಇಲ್ಲ. ಆದ್ದರಿಂದ ಸಾಧ್ಯವಾದಷ್ಟೂ ಡೀಫಾಲ್ಟ್‌ನಲ್ಲೇ, ಅಥವಾ ಒಂದೇ ಒಂದು ಸೆಟ್ಟಿಂಗ್ ಬದಲಿಸಿ, ಅದೇ ತೊಂದರೆ ಬರುತ್ತದಾ ನೋಡಿ. ನನ್ನ ಸ್ಲೀಪ್ ಬಗ್‌ಗೆ ವೇಗ ಏರಿಸುವ ಅಗತ್ಯವೇ ಇರಲಿಲ್ಲ. ಡೀಫಾಲ್ಟ್ ವೇಗದಲ್ಲಿ ಬರೀ 30 ಮಿಲಿವೋಲ್ಟ್ ಆಫ್‌ಸೆಟ್ ಕೊಟ್ಟರೂ ಎದ್ದ ಮೇಲೆ ಅದು ಮಾಯವಾಗುತ್ತಿತ್ತು. ಅಷ್ಟನ್ನೇ ಬರೆದೆ: ಬೋರ್ಡ್ ರಿವಿಷನ್, ಬಯೋಸ್ ಆವೃತ್ತಿ, ಪ್ರೊಸೆಸರ್, ರ‍್ಯಾಮ್ ಮಾಡೆಲ್ ಸಂಖ್ಯೆ, ಬದಲಿಸಿದ ಒಂದು ಸೆಟ್ಟಿಂಗ್, ಮಲಗುವ ಮೊದಲಿನ ಮತ್ತು ಎದ್ದ ಮೇಲಿನ ಎರಡು ಚಿತ್ರ. ಮೊದಲು ಬಂದ ಉತ್ತರ ವಿಂಡೋಸ್ ಮತ್ತೆ ಹಾಕಿ ನೋಡಿ ಎಂದಿತ್ತು. ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಶುರು ಮಾಡಿ, ಅಲ್ಲೂ ಅದೇ ಎರಡು ಅಂಕಿ ತೋರಿಸಿದ ಮೇಲೆ ವಿಷಯ ಮುಂದಿನ ಮೇಜಿಗೆ ಹೋಯಿತು.